ಗೆದ್ದ ದಿನ ಒಡೆದ ಕಾಯಿ

೧೯ ನವೆಂಬರ್ ೧೯೮೧, ಗುರುವಾರ. ಬೆಳಗಿನ ಜಾವ

ಇವತ್ತೂ ಐದೂವರೆಗೇ ಎಚ್ಚರ. ಇಲ್ಲಿ ಬೆಲ್ ಇಲ್ಲ, ಸಿಸ್ಟರ್ ಚಪ್ಪಾಳೆ ಇಲ್ಲ, ಬಕೆಟ್ ಹಿಡಿದು ಕ್ಯೂ ಇಲ್ಲ. ಆದರೂ ಕಣ್ಣು ತೆರೆದುಕೊಳ್ಳುತ್ತದೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದ ಕಣ್ಣು. ತಿಪಟೂರಿಗೆ, ಅಪ್ಪನ ತಂಗಿಯ ಮನೆಗೆ ಬಂದು ಐದು ತಿಂಗಳಾದರೂ ಅದಕ್ಕೆ ಗೊತ್ತಾಗಿಲ್ಲ.

ಅತ್ತೆ ಹಂಡೆ ಒಲೆಗೆ ಕಾಯಿಮಟ್ಟೆ ತುರುಕುತ್ತಿದ್ದಾರೆ. ಹೊಗೆ ನಡುಮನೆವರೆಗೂ ಬಂದಿದೆ. ನನ್ನ ಹಾಸಿಗೆ ಅಟ್ಟದ ಕೆಳಗೆ. ಅಟ್ಟದ ಅರ್ಧ ಭಾಗ ಮಾವನ ತೆಂಗಿನಕಾಯಿ. ಒಂದು ವರ್ಷ ಹಾಗೇ ಇರಬೇಕಂತೆ, ಯಾರೂ ಮುಟ್ಟಬಾರದು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದಂತೆ. ಉಳಿದರ್ಧ ಅಟ್ಟ ಖಾಲಿ. ತುಂಬಲು ಆಳು ಸಿಕ್ಕಿಲ್ಲ ಅಂತ ಮಾವ ದಿನಾ ಗೊಣಗುತ್ತಾರೆ. ಕಣ್ಣು ಮುಚ್ಚಿ ಮೇಲಕ್ಕೆ ಕಿವಿ ಕೊಟ್ಟು ಮಲಗಿದರೆ ಅಷ್ಟೂ ಕಾಯಿ ಉಸಿರಾಡುತ್ತವೆ ಅನ್ನಿಸುತ್ತದೆ.

ಶನಿವಾರ ಕಾಲೇಜಿನ ಫುಟ್‌ಬಾಲ್ ಸೆಮಿಫೈನಲ್. ಬೆಂಗಳೂರಿನ ಟೀಮು. ನಮ್ಮ ಹುಡುಗರಲ್ಲಿ ನಾಲ್ಕು ಜನಕ್ಕೆ ಬೂಟೇ ಇಲ್ಲ.

ನಾನ್ಯಾಕೆ ಇಷ್ಟು ಯೋಚನೆ ಮಾಡಬೇಕು... ಕೆಮಿಸ್ಟ್ರಿ ರೆಕಾರ್ಡ್ ಬರೆದಿಲ್ಲ.


೧೯, ಅದೇ ದಿನ, ಸಂಜೆ

ಕ್ಲಾಸಿನಲ್ಲಿ ಇವತ್ತು ಮತ್ತೆ ಹಾಗೇ ಆಯಿತು. ಸರ್ ಏನೋ ಕೇಳಿದರು, ನಾನು ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟೆ, ಹಿಂದಿನ ಬೆಂಚು ನಕ್ಕಿತು. ಗಂಗಾ ಮಾತ್ರ ಪಕ್ಕದಲ್ಲಿ ಕೂತು ತೊಡೆ ಚಿವುಟಿ, "ಇಂಗ್ಲಿಷ್ ಅಮ್ಮಣ್ಣಿ, ಒಂದು ಗಾಡಿಗೆ ಒಂದೇ ಎತ್ತು ಕಟ್ಟೇ," ಅಂದಳು. ಅವಳ ಪೂರ್ತಿ ಹೆಸರು ಚಿಕ್ಕಗಂಗಮ್ಮ. ಕಂದಿಕೆರೆಯವಳು. ಲೇಡೀಸ್ ಹಾಸ್ಟೆಲಿನಲ್ಲಿದ್ದಾಳೆ. ಪೂರ್ತಿ ಹೆಸರು ಕರೆದರೆ ಹೊಡೆಯುತ್ತಾಳೆ.

ಫುಟ್‌ಬಾಲ್ ಹುಚ್ಚು ಎಲ್ಲಿಂದ ಬಂತೇ ನಿಂಗೆ ಅಂತ ಕೇಳಿದಳು. ಹೇಳಲಿಲ್ಲ. ಇಲ್ಲಿ ಬರೆಯಬಹುದು. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ಹಿಂದುಗಡೆ ಎತ್ತರದ ಗೋಡೆ. ಗೋಡೆಯಾಚೆ ಹುಡುಗರ ಸ್ಕೂಲಿನ ಗ್ರೌಂಡ್. ಆಟ ಕಾಣುತ್ತಿರಲಿಲ್ಲ. ಕಾಲೂ ಇಲ್ಲ, ತಲೆಯೂ ಇಲ್ಲ. ಸಂಜೆ ಸ್ಟಡಿ ಅವರ್‌ನಲ್ಲಿ ಚೆಂಡು ಮಾತ್ರ ಗೋಡೆಯ ಮೇಲಕ್ಕೆ ಏರಿ, ಒಂದು ಗಳಿಗೆ ಆಕಾಶದಲ್ಲಿ ನಿಂತು, ಇಳಿಯುತ್ತಿತ್ತು. ವರ್ಷಗಟ್ಟಲೆ ಅದನ್ನೇ ನೋಡಿದ್ದೇನೆ. ಯಾರು ಒದ್ದರು, ಯಾರು ಹಿಡಿದರು, ಗೊತ್ತಿಲ್ಲ. ಅಪ್ಪನಿಗೆ ರೈಲ್ವೆಯಲ್ಲಿ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್. ರಜೆಗೆ ಮನೆ ಅಂದರೆ ಪ್ರತಿಸಲ ಬೇರೆ ಕ್ವಾರ್ಟರ್ಸ್. ಡಿಗ್ರಿಯಾದರೂ ನಮ್ಮವರ ಮಧ್ಯೆ ಓದಲಿ ಅಂತ ತಂಗಿಯ ಮನೆಗೆ ಕಳಿಸಿದರು. ಬಂದ ಮೊದಲ ವಾರವೇ ಕಾಲೇಜಿನ ಮಹಡಿಯ ಕೆಮಿಸ್ಟ್ರಿ ಲ್ಯಾಬ್ ಕಿಟಕಿಯಿಂದ ಕೆಳಗೆ ನೋಡಿದೆ — ಚೆಂಡಿನ ಕೆಳಗೆ ಕಾಲುಗಳಿದ್ದವು!


೨೧ ನವೆಂಬರ್, ಶನಿವಾರ. ಸಂಜೆ ೭

ಗೆದ್ದೆವು. ಗೆದ್ದೆವು. ಎರಡು–ಒಂದು!

ಗಂಟಲು ಹೋಗಿದೆ. ಅತ್ತೆ ಉಪ್ಪು ನೀರು ಕೊಟ್ಟು, "ಆಡ್ದೋರು ಅವ್ರು, ಗಂಟ್ಲು ಕಟ್ಟಿದ್ದು ಇವ್ಳಿಗೆ," ಅಂತ ಮಾವನಿಗೆ ಹೇಳಿದರು.

ಬರೆದಿಡಬೇಕು, ಇಲ್ಲದಿದ್ದರೆ ಕನಸು ಅನ್ನಿಸುತ್ತದೆ. ಹುಡುಗಿಯರೆಲ್ಲ ಲ್ಯಾಬ್ ಕಿಟಕಿಯಲ್ಲಿ. ನಾವು ಗ್ರೌಂಡಿಗೆ ಇಳಿಯುವ ಹಾಗಿಲ್ಲ. ಯಾರೂ ರೂಲ್ ಮಾಡಿಲ್ಲ, ಆದರೂ ಇಳಿಯುವ ಹಾಗಿಲ್ಲ. ಕೆಳಗೆ ಊರಿಗೆ ಊರೇ. ಮಾವನ ಅಂಗಡಿಯಿರುವ ಕೊಬ್ಬರಿ ಮಂಡಿ ಮಧ್ಯಾಹ್ನವೇ ಬಾಗಿಲು ಹಾಕಿತ್ತಂತೆ. ಗ್ರೌಂಡಿನ ಮೂರು ಕಡೆ ತೆಂಗಿನಮರ, ಅದರ ಮೇಲೂ ಹುಡುಗರು. ಗೋಲಿಗೆ ಕಟ್ಟಿರುವ ನೆಟ್ ಕೂಡ ತೆಂಗಿನ ನಾರಿನ ಹಗ್ಗದ್ದೇ.

ಕೊನೆಯಲ್ಲಿ ಬೆಂಗಳೂರಿನ ಉದ್ದನೆಯವನಿಗೆ ಚೆಂಡು ಸಿಕ್ಕಿತು. ಎದುರಿಗೆ ನಮ್ಮ ಗೋಲ್‌ಕೀಪರ್ ರೇವಣಸಿದ್ದಯ್ಯ ಒಬ್ಬನೇ. ಫೈನಲ್ ಬಿ.ಎ., ದಂಡಿನಶಿವರದವನು, ಬರಿಗಾಲು. ಎಲ್ಲರ ಬಾಯಲ್ಲೂ ರೇವಣ್ಣ. ಉದ್ದನೆಯವನು ಒದ್ದ. ಆಮೇಲೆ ಏನಾಯಿತೋ, ಸದ್ದೇ ಇಲ್ಲ. ರೇವಣ್ಣ ಎಡಕ್ಕೆ ಹಾರಿದ. ಹಾರಿದ ಅಂದರೆ... ನೆಲ ಅವನನ್ನು ಬಿಟ್ಟುಕೊಟ್ಟಿತು. ಗಾಳಿಯಲ್ಲಿ ಅಡ್ಡ ಮಲಗಿದ್ದ. ಎರಡು ಅಂಗೈ ಸೇರಿದ್ದವು. ಚೆಂಡು ಅವನನ್ನು ಹುಡುಕಿಕೊಂಡು ಬಂದಹಾಗೆ ಬಂದು ಅದರೊಳಗೆ ಕೂತಿತು. ಬಿದ್ದ. ಧೂಳು. ಧೂಳಿನೊಳಗಿಂದ ಚೆಂಡು ಹಿಡಿದ ಕೈ ಮೇಲೆ ಬಂತು.

ವಿಸಿಲ್.

ಆಗ ಜನ ನುಗ್ಗಿದರು. ಕೈಯಲ್ಲಿ, ಚೀಲದಲ್ಲಿ, ಪಂಚೆಯ ಮಡಿಲಲ್ಲಿ ತೆಂಗಿನಕಾಯಿ. ರೇವಣ್ಣನ ತಾಯಿ ಹರಕೆ ಹೊತ್ತಿದ್ದರಂತೆ: ಗೆದ್ದರೆ ಮಗ ನಿಂತ ಜಾಗದಲ್ಲೇ ಈಡುಗಾಯಿ. ಆಕೆ ಹೊತ್ತಿದ್ದು ಒಂದೇ ಕಾಯಿಗೆ. ಸುದ್ದಿ ತಿಳಿದ ಊರು ತಾನೂ ಹೊತ್ತುಕೊಂಡಿತು. ಕೆರೆ ಕಡೆಯ ಗೋಲ್ ಮುಂದೆ ಚಪ್ಪಡಿ ಕಲ್ಲು ತಂದಿಟ್ಟು, ಬೀಸಿ ಬೀಸಿ ಒಡೆದರು. ಠಳಾರ್, ಠಳಾರ್. ನೀರು ಚಿಮ್ಮಿತು. ಎಳನೀರಿನ ಹಾಗಲ್ಲದ, ಬಲಿತ ಕಾಯಿ ನೀರಿನ ಸಿಹಿ ವಾಸನೆ ಮಹಡಿಗೆ ಬಂತು. ಗಂಗಾ ಬ್ಯಾಗಿನಿಂದ ಒಂದು ಕಾಯಿ ತೆಗೆದಳು! ಟಿಫಿನ್ ಬಾಕ್ಸಿನ ಕೆಳಗೆ ಬಚ್ಚಿಟ್ಟಿದ್ದಳು. ಅಟೆಂಡರ್ ಹುಚ್ಚರಂಗಯ್ಯನವರನ್ನು ಕರೆದು, "ರಂಗಯ್ಯಣ್ಣ, ಲೇಡೀಸ್ ಕಡೆಯಿಂದ ಒಂದು," ಅಂದಳು. ಕೊಡುವ ಮುಂಚೆ ನಾನೂ ಅದನ್ನು ಮುಟ್ಟಿದೆ. ಅವರು ಇಳಿದು ಹೋಗಿ ನಮ್ಮ ಕಾಯಿ ಎತ್ತಿ ತೋರಿಸಿ ಒಡೆದರು. ಕಿಟಕಿ ಕಿರುಚಿತು. ನಾನೂ ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆ ಅಂತ ಯಾರೂ ಕೇಳಲಿಲ್ಲ.


೨೨ ನವೆಂಬರ್, ಭಾನುವಾರ. ಮಧ್ಯಾಹ್ನ

ಏನೂ ಮಾಡಿಲ್ಲ. ಕೂತಲ್ಲೇ ಕೂತಿದ್ದೇನೆ. ಅವನು ಹಾರುತ್ತಾನೆ, ಹಾರುತ್ತಲೇ ಇರುತ್ತಾನೆ, ನೆಲಕ್ಕೆ ಬೀಳುವುದಿಲ್ಲ. ಜಗಲಿಯಲ್ಲಿ ಕಣ್ಣು ಮುಚ್ಚಿದರೂ, ಊಟದ ತಟ್ಟೆ ಮುಂದೆ ಕಣ್ಣು ಬಿಟ್ಟುಕೊಂಡಿದ್ದರೂ.

ಅತ್ತೆ ಒಣಮೆಣಸಿನಕಾಯಿ ತೊಟ್ಟು ತೆಗೆಯಲು ಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಬಂದು ನೋಡಿ, "ಏನೇ ಗಿರಿಜಾ ಇದು! ತೊಟ್ಟು ಬಟ್ಲಿಗೆ ಹಾಕಿ ಮೆಣಸಿನಕಾಯಿ ಬಿಸಾಕಿದೀಯ!"

ಗೆದ್ದವರು ಹನ್ನೊಂದು ಜನ. ನಾನು ಯಾರು? ಒಬ್ಬನ ಜತೆಗೂ ಒಂದು ಮಾತು ಆಡಿದವಳಲ್ಲ. ಆದರೂ ನಿನ್ನೆಯಿಂದ ಎದೆಯೊಳಗೆ ಏನೋ ತುಂಬಿಕೊಂಡಿದೆ. ಅಲುಗಿದರೆ ಚೆಲ್ಲೀತು ಅಂತ ಮೆಲ್ಲಗೆ ನಡೆಯುತ್ತಿದ್ದೇನೆ. "ನಾವು ಗೆದ್ದೆವು." ಎಷ್ಟು ವರ್ಷವಾಯಿತು ನಾನು "ನಾವು" ಅಂದು? ಹಾಸ್ಟೆಲಿನಲ್ಲಿ ಅನ್ನುತ್ತಿದ್ದೆ, ವಿ ದ ಬೋರ್ಡರ್ಸ್ ಅಂತ. ಅದು ಪ್ರೇಯರ್‌ನಲ್ಲಿ.


೨೩ ನವೆಂಬರ್, ಸೋಮವಾರ. ಸಂಜೆ

ಕಡೇ ಕಾರ್ತಿಕ ಸೋಮವಾರ. ಅತ್ತೆ ಹೊಸಿಲಿನ ಮೇಲೆ ದೀಪ ಇಟ್ಟಿದ್ದಾರೆ. ಅದರ ಬೆಳಕಿನಲ್ಲೇ ಬರೆಯುತ್ತಿದ್ದೇನೆ. ಕರೆಂಟಿಲ್ಲ.

ಬೆಳಿಗ್ಗೆ ಗಂಗಾಳನ್ನು ಕರೆಯಲು ಲೇಡೀಸ್ ಹಾಸ್ಟೆಲಿಗೆ ಗ್ರೌಂಡ್ ಅಂಚಿನಲ್ಲೇ ಹೋದೆ. ಯಾರೂ ಇರಲಿಲ್ಲ. ಕೆರೆ ಕಡೆಯ ಗೋಲ್ ಕಂಬ ಮುಟ್ಟಿ ನೋಡೋಣ ಅನ್ನಿಸಿತು. ಅವನು ಹಾರಿದ ಜಾಗ. ನಾಲ್ಕು ಹೆಜ್ಜೆ ಒಳಗೆ ಇಟ್ಟಿದ್ದೆನೋ ಇಲ್ಲವೋ, ಅಂಗಾಲಿನಲ್ಲಿ ಚುರುಕ್ ಅಂತು. ಚಿಪ್ಪಿನ ಚೂರು. ಚಪ್ಪಲಿಯ ಅಟ್ಟೆ ತೂರಿ ಬಂದಿತ್ತು. ಬಗ್ಗಿ ನೋಡಿದರೆ ಎಲ್ಲೆಲ್ಲೂ ಚೂರು. ತಿರುಳಿದ್ದ ಹೋಳುಗಳನ್ನು ಜನ ಅವತ್ತೇ ಆಯ್ದುಕೊಂಡಿದ್ದಾರೆ. ಬರೀ ಚಿಪ್ಪು ಉಳಿದಿದೆ, ಸಾವಿರ ಕಾಲು ತುಳಿದು ಅರ್ಧ ಮಣ್ಣೊಳಗೆ ಹೂತಿದೆ. ಚೂಪು ಮಾತ್ರ ಮೇಲಕ್ಕೆ.

ಫೈನಲ್ ಇದೇ ಗ್ರೌಂಡಿನಲ್ಲಿ. ಡಿಸೆಂಬರ್ ಐದು. ಇದೇ ಗೋಲಿನಲ್ಲಿ ಒಂದು ಹಾಫ್ ರೇವಣ್ಣ ನಿಲ್ಲಲೇಬೇಕು. ಇದರ ಮೇಲೆ ಹಾರುತ್ತಾನೆ. ಇದರ ಮೇಲೆ ಬೀಳುತ್ತಾನೆ. ಅಂಗೈ ಮೊದಲು.

ಗುಡಿಸುತ್ತಾರೆ ಬಿಡು ಅಂದುಕೊಂಡೆ. ಗಂಗಾ ನಕ್ಕಳು. "ಗುಡ್ಸಲ್ಲ ಕಣೇ. ಕ್ಯಾಪ್ಟನ್ ಶ್ರೀರಂಗ ಆರ್ಡರ್ ಮಾಡವ್ನೆ. ಗೆದ್ದ ದಿನ ಹೆಂಗಿತ್ತೋ ಫೈನಲ್‌ಗೂ ಹಂಗೇ ಇರ್ಬೇಕಂತೆ. ಜೆರ್ಸಿನೂ ಒಗೆಯೋ ಹಂಗಿಲ್ಲ. ಹುಡುಗ್ರ ಹಾಸ್ಟೆಲ್ ಕಡೆಯಿಂದ ಗಾಳಿ ಬೀಸಿದ್ರೆ ಗೊತ್ತಾಯ್ತದೆ ನೋಡು!"

"ಚೂರು ಚುಚ್ಚಿದರೆ?"

"ದೇವ್ರ ಹೆಸ್ರಲ್ಲಿ ಒಡೆದಿರೋ ಕಾಯಿ. ಅದಕ್ಕೆ ಪೊರಕೆ ಮುಟ್ಸಿದ್ರೆ ಹರಕೆ ಮುರಿದಂಗೆ ಅಂತವ್ನೆ. ಅವ್ನ ಮಾತು ಬುಡು, ಮಂಡಿಯೋರೂ ಅಂಗೇ ಅಂತವ್ರೆ."

ನನ್ನ ಕಾಲಿಗೆ ಚುಚ್ಚಿದ್ದನ್ನು ಕೈಚೀಲದಲ್ಲಿಟ್ಟುಕೊಂಡು ಬಂದೆ. ದೀಪದ ಪಕ್ಕದಲ್ಲಿದೆ. ಕಪ್ಪಗೆ, ಮಿರಿಮಿರಿ, ಮೀನಿನ ಬೆನ್ನಿನ ಹಾಗೆ. ನಾವು ಒಡೆಸಿದ ಕಾಯಿಯದ್ದೂ ಇರಬಹುದು.


೨೫ ನವೆಂಬರ್, ಬುಧವಾರ

ಲ್ಯಾಬ್ ಕಿಟಕಿಯಿಂದ ಪ್ರಾಕ್ಟೀಸ್ ನೋಡಿದೆ. ರಸ್ತೆ ಕಡೆಯ ಗೋಲಿನಲ್ಲಿ ಆಡುತ್ತಿದ್ದಾರೆ. ಅಲ್ಲಿ ಚೂರಿಲ್ಲ. ಆದರೂ ರೇವಣ್ಣ ಹಾರುತ್ತಿಲ್ಲ. ಎಡಕ್ಕೆ ಬಂದ ಚೆಂಡಿಗೆ ಕಾಲು ಚಾಚುತ್ತಾನೆ. ಶ್ರೀರಂಗ ಬೈಯುತ್ತಿದ್ದ. ಯಾರೂ ಗಮನಿಸಲಿಲ್ಲವೋ ಏನೋ. ನಾನು ರೇವಣ್ಣನ ಕೈಯನ್ನೇ ನೋಡುತ್ತಿದ್ದೆ. ಆಗಾಗ ಅಂಗೈ ತೊಡೆಗೆ ಒರೆಸಿಕೊಳ್ಳುತ್ತಾನೆ.

ಅವನಿಗೂ ಗೊತ್ತು.

ಧೈರ್ಯ ಮಾಡಿ ಹುಚ್ಚರಂಗಯ್ಯನವರನ್ನು ಕೇಳಿದೆ. ಗ್ರೌಂಡಿಗೆ ಸುಣ್ಣದ ಗೆರೆ ಎಳೆಯುವವರು ಅವರೇ. "ಗುಡಿಸಬಾರದಾ ಅಣ್ಣಾ?"

"ನಂಗೇನವ್ವಾ, ಒಂದು ಗಳಿಗೆ ಕೆಲ್ಸ. ಆಮ್ಯಾಕೆ ಸೋತ್ರೆ? ಇಡೀ ತಿಪಟೂರು ನನ್ನ ಪೊರಕೆ ಕಡೀಕೆ ಬೊಟ್ಟು ತೋರ್ಸ್ತದೆ. ರಿಟೈರ್ ಆಗೋ ಗಂಟ ಆ ಪೊರಕೆ ಕತೆ ಕೇಳ್ಬೇಕಾಯ್ತದೆ."

ಅದೂ ನಿಜ. ಗುಡಿಸಿ ಸೋತರೆ ಗುಡಿಸಿದವರ ತಪ್ಪು. ಗುಡಿಸದೆ ಅವನ ಕೈ ಸೀಳಿದರೆ... ಯಾರ ತಪ್ಪೂ ಅಲ್ಲ. ಅದಕ್ಕೇ ಎಲ್ಲರೂ ಸುಮ್ಮನಿದ್ದಾರೆ.

ರೆಕಾರ್ಡ್ ಬರೆಯಬೇಕು. ಬರೆಯಲು ಆಗುತ್ತಿಲ್ಲ. ಗೆದ್ದ ಸಂತೋಷ ಇನ್ನೂ ಇದೆ, ಹಾಗೇ ಇದೆ. ಅದರ ನಡುವೆ ಈ ಚೂರು.


೨೯ ನವೆಂಬರ್, ಭಾನುವಾರ. ಮಧ್ಯಾಹ್ನ ೩

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ಮಾವ, "ಅಟ್ಟ ತುಂಬೋಕೆ ಜನ ಬತ್ತಾರೆ, ಹಾಸಿಗೆ ಸುತ್ತಿಡಮ್ಮ," ಅಂದರು. ಅಂಗಳದಲ್ಲಿ ಗಾಡಿಗಳು ನಿಂತಿದ್ದವು. ಎರಡು ಗಾಡಿ ಕಾಯಿ, ಸುಲಿಯದ್ದು. ಆಳುಗಳ ಜತೆ ಒಬ್ಬ ಏಣಿ ಹತ್ತಿ ಅಟ್ಟದ ಕಿಂಡಿಯಲ್ಲಿ ಕೂತ. ಬನಿಯನ್, ಮಡಚಿ ಕಟ್ಟಿದ ಪಂಚೆ.

ರೇವಣ್ಣ.

ಅವರ ಅಪ್ಪ ಮಾವನ ಮಂಡಿಗೇ ಕೊಬ್ಬರಿ ಹಾಕುವವರಂತೆ. ಆ ಪರಿಚಯ. ಕಾಯಿ ಹಿಡಿಯಲು ಇವನಷ್ಟು ಚುರುಕು ಸುತ್ತಮುತ್ತ ಇಲ್ಲವಂತೆ. ಕೆಳಗಿನಿಂದ ಇಬ್ಬರು ಎಸೆಯುತ್ತಾರೆ, ಒಬ್ಬನ ಹಿಂದೆ ಒಬ್ಬ, ಜೋಡಿ ಜೋಡಿ. ಮಾವ ಬಾಗಿಲಲ್ಲಿ ನಿಂತು ಎಣಿಸುತ್ತಾರೆ: ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಲಾಭ, ಎರಡು, ಮೂರು... ರಾಗವಾಗಿ. ಕಾಯಿ ನನ್ನ ಹಾಸಿಗೆಯಿದ್ದ ಜಾಗದ ಮೇಲೆ ಹಾರುತ್ತಿತ್ತು. ಕಿಂಡಿಯ ಕತ್ತಲೆಯಿಂದ ಎರಡು ಕೈ ಬಂದು ತೆಗೆದುಕೊಂಡು ಹೋಗುತ್ತಿದ್ದವು. ಒಂದೂ ಬೀಳಲಿಲ್ಲ. ಎಸೆಯುವವರನ್ನು ಅವನು ನೋಡುತ್ತಲೂ ಇರಲಿಲ್ಲ. ಅವತ್ತಿನ ಚೆಂಡು ಅವನನ್ನು ಹುಡುಕಿಕೊಂಡು ಬಂದಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಚಿಕ್ಕಂದಿನಿಂದ ಕತ್ತಲಲ್ಲಿ ಕೂತು ಬೆಳಕಿನಿಂದ ಬರುವುದನ್ನು ಹಿಡಿದಿದ್ದಾನೆ.

ಮಧ್ಯೆ ಅತ್ತೆ ಎಲ್ಲರಿಗೂ ಮಜ್ಜಿಗೆ ಕೊಡಿಸಿದರು. ಅಟ್ಟದವನಿಗೆ ನಾನು. ಏಣಿಯ ಮೂರು ಮೆಟ್ಟಿಲು ಹತ್ತಿ ಲೋಟ ಚಾಚಿದೆ.

"ನೀವು ಕೆಮಿಸ್ಟ್ರಿ ಕಿಟಕಿ ಅಲ್ವೇನ್ರೀ?" ಅಂದ.

ಐದು ತಿಂಗಳಲ್ಲಿ ನನಗೆ ಸಿಕ್ಕ ಹೆಸರು, ಕಿಟಕಿ! ರಾತ್ರಿಯಿಡೀ ಯಾರಿಗಾದರೂ ಹೇಳಬೇಕು ಅಂತ ಜೋಡಿಸಿಟ್ಟಿದ್ದ ಮಾತು ಬಾಯಿಗೆ ಬಂತು, ಇಂಗ್ಲಿಷ್‌ನಲ್ಲಿ. "ದೇರ್ ಆರ್ ಪೀಸಸ್... ದ ಗ್ರೌಂಡ್..." ಅವನು ಲೋಟ ಹಿಡಿದು ಕಾಯುತ್ತಿದ್ದ. ಇಳಿದು ಓಡಿ ಹೋಗಿ ಚೂರು ತಂದು ತೋರಿಸಿದೆ.

ಅವನ ನಗು ಹೋಯಿತು. "ಎಲ್ಲಿ ಚುಚ್ತು?"

"ಕೆರೆ ಕಡೆಯ ಗೋಲ್. ಎಡಗಡೆ ಕಂಬದ ಹತ್ತಿರ."

"ನಾನು ಹಾರೋದೇ ಎಡಕ್ಕೆ," ಅಂದ, ಮಜ್ಜಿಗೆಗೆ ಹೇಳಿದ ಹಾಗೆ.

"ಗುಡಿಸಲು ಹೇಳಿ ಮತ್ತೆ. ನೀವು ಹೇಳಿದರೆ ಕೇಳುತ್ತಾರೆ."

"ಹೆಂಗ್ ಹೇಳ್ಲಿ? ಹರಕೆ ಹೊತ್ತೋಳು ನಮ್ಮವ್ವ. ಒಡ್ದೋರು ಊರೋರು. ಗೋಲ್‌ಕೀಪರ್ರೇ ಬಾಯ್ಬಿಟ್ಟು ಹೆದ್ರಿಕೆ ಅಂದ್ರೆ ಮುಗೀತು, ಟೀಮೇ ಕುಸೀತದೆ." ಆಮೇಲೆ ತನ್ನ ಅಂಗೈ ನೋಡಿಕೊಂಡ. "ಚೆಂಡು ಹೋಗ್ಲಿ ಬುಡಿ. ಅಪ್ಪಂಗೆ ಭುಜ ಏಳಲ್ಲ. ಮನೇಲಿ ಕಾಯಿ ಹಿಡಿಯೋ ಕೈ ಇವೆರಡೇ ಕಣ್ರೀ."

ಕೆಳಗಿನಿಂದ ಕೂಗು: "ಲೇ ರೇವಣ, ಮಜ್ಗೆ ಕುಡೀತಿದೀಯೋ, ಕಡೀತಿದೀಯೋ? ಕಾಯಿ ಬತ್ತಾ ಐತೆ ಕಣ್ಲಾ!"

ಲೋಟ ವಾಪಸ್ ಕೊಟ್ಟ. "ಉಪ್ಪು ಹಾಕಿರ್ಲಿಲ್ಲ," ಅಂದ. ಅಷ್ಟೇ. ಕೈ ಮತ್ತೆ ಕತ್ತಲೆಯಿಂದ ಬಂತು.


೩೦ ನವೆಂಬರ್, ಸೋಮವಾರ. ಸಂಜೆ

ಅತ್ತೆಗೆ ಹೇಳಿಬಿಟ್ಟೆ. ದೇವರ ಪಟಗಳ ಬಾಡಿದ ಹೂವು ತೆಗೆಯುತ್ತಿದ್ದರು. ಪೂರ್ತಿ ಕೇಳಿದರು. ಗುಡಿಸಬಾರದು ಅನ್ನುತ್ತಾರೆ, ಮುಗಿಯಿತು, ಅಂದುಕೊಂಡೆ.

ಹೂವಿನ ತಟ್ಟೆ ಕೆಳಗಿಟ್ಟರು. "ಏನಂದೆ? ದೇವ್ರ ಹೆಸ್ರಲ್ಲಿ ಒಡೆದ ಕಾಯಿನ ಬೂಟುಗಾಲಲ್ಲಿ ತುಳಿಯೋ ಕಡೆ ಬುಟ್ಟವ್ರಾ? ಒಂಬತ್ತು ದಿನದಿಂದ?"

"ಪೊರಕೆ ಮುಟ್ಟಿಸಬಾರದಂತೆ ಅತ್ತೆ."

"ಮುಟ್ಟಿಸ್ಬಾರ್ದು. ಅದು ಸರಿ. ಅದಕ್ಕೇ ತುಳೀರಿ ಅಂತ ಯಾರು ಹೇಳಿದ್ರು? ಈ ಹೂವ ನಾನೇನ್ ಮಾಡ್ತೀನಿ? ಗುಡಿಸ್ತೀನಾ? ಕೈಲಿ ತೆಗ್ದು ಗಿಡದ ಬುಡಕ್ಕೆ ಹಾಕ್ತೀನಿ. ಕಾಯಿನೂ ಹಂಗೇ. ಕಾಯಿ ಒಡೆಯೋಕೆ ಗೊತ್ತು, ಆಯೋಕೆ ಗೊತ್ತಿಲ್ಲ ಈ ಗಂಡಸರಿಗೆ!"

ಮಾವ ಪೇಪರ್ ಇಳಿಸಿದರು. "ಲೇ ದ್ರಾಕ್ಷಾಯಣಿ, ನೀನೇನಾದ್ರೂ ಗ್ರೌಂಡಿಗೆ ಹೋದ್ರೆ ಮಂಡಿ ತುಂಬ ಸುದ್ದಿ ಆಗ್ತದೆ."

"ಆಗ್ಲಿ ಬುಡಿ. ಮಂಡಿಯೋರೇ ತಾನೆ ಒಡ್ದಿದ್ದು? ನೀವೆಷ್ಟು ಒಡೆದ್ರಿ?"

ಮಾವ ಪೇಪರ್ ಏರಿಸಿದರು.

ಇಷ್ಟು ದಿನ ನಾನೇ ಪೊರಕೆ ಹಿಡಿದು ಹೋಗಲಾ ಬೇಡವಾ ಅಂತ ಒದ್ದಾಡಿದ್ದೆ. ಕೈಯಲ್ಲಿ ಆಯುವುದು ಹೊಳೆಯಲೇ ಇಲ್ಲ. ಹಾಸ್ಟೆಲಿನಲ್ಲಿ ಹೂವು ಡಸ್ಟ್‌ಬಿನ್ನಿಗೆ ಹೋಗುತ್ತಿತ್ತು.


೧ ಡಿಸೆಂಬರ್, ಮಂಗಳವಾರ. ಬೆಳಿಗ್ಗೆ ೮

ಮೈಯೆಲ್ಲ ಇಬ್ಬನಿ, ಕೆಂಪು ಮಣ್ಣು. ಸ್ನಾನಕ್ಕೆ ಮುಂಚೆ ಬರೆಯುತ್ತಿದ್ದೇನೆ.

ಬೆಳಕು ಹರಿಯುವಾಗ ಹೋದೆವು, ಅತ್ತೆ ಮತ್ತು ನಾನು. ಒಂದು ಮೊರ. ಅತ್ತೆ ಗೋಲಿನ ಗೆರೆಯ ಹತ್ತಿರ ಚಪ್ಪಲಿ ಬಿಟ್ಟರು, ದೇವಸ್ಥಾನದ ಬಾಗಿಲಲ್ಲಿ ಬಿಡುವ ಹಾಗೆ. ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತರು. ಅಕ್ಕಿಯಲ್ಲಿ ಕಲ್ಲು ಆಯುವ ಹಾಗೆ ಮಣ್ಣಿನ ಮೇಲೆ ಬೆರಳು ಆಡಿಸಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತಿತ್ತು. "ಒತ್ಬೇಡ. ಸವರು," ಅಂದರು.

ಹುಚ್ಚರಂಗಯ್ಯ ಸುಣ್ಣದ ಬಕೆಟ್ ಹಿಡಿದು ಓಡಿ ಬಂದರು. "ಅಯ್ಯೋ ಅಮ್ಮಾರೇ! ಪೊರಕೆ ಮುಟ್ಟಿಸ್ಬ್ಯಾಡಿ ಅಂತ ಕ್ಯಾಪ್ಟನ್ ಹೇಳವ್ರೆ!"

"ಪೊರಕೆ ಎಲ್ಲೈತೆ? ತೋರ್ಸಪ್ಪ."

ಅವರು ಸುತ್ತ ನೋಡಿದರು. ಮೊರ ನೋಡಿದರು. ನನ್ನ ಕೈ ನೋಡಿದರು. ಬಕೆಟ್ ಕೆಳಗಿಟ್ಟು, ಟವೆಲ್ ಸೊಂಟಕ್ಕೆ ಕಟ್ಟಿಕೊಂಡು, ಅವರೂ ಕೂತರು. "ಪೊರಕೆ ಇಲ್ಲ ಅಂದ್ಮ್ಯಾಕೆ ನಂದೇನೂ ಇಲ್ಲ," ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಂಗಾ ಹಾಸ್ಟೆಲಿನಿಂದ ಇಬ್ಬರನ್ನು ಎಳೆದುಕೊಂಡು ಬಂದಳು. ಹಲ್ಲುಜ್ಜಿ ಮುಗಿದಿರಲಿಲ್ಲ, ಬಾಯಲ್ಲಿ ಬ್ರಶ್ಶು.

ಎಲ್ಲ ಆಯ್ದು ಗೋಲಿನ ಹಿಂದಿನ ತೆಂಗಿನಮರದ ಬುಡಕ್ಕೆ ಸುರಿದೆವು. ಅತ್ತೆ ಕೈ ಮುಗಿದರು. ನನ್ನ ಕಾಲಿಗೆ ಚುಚ್ಚಿದ್ದ ಚೂರನ್ನೂ ತಂದಿದ್ದೆ. ಅದನ್ನೂ ಹಾಕಿದೆ.

ಅವರೆಲ್ಲ ಮುಂದೆ ಹೋದರು. ನಾನು ಕಂಬಗಳ ನಡುವೆ ಒಂದು ಗಳಿಗೆ ನಿಂತೆ. ಕೈ ಎರಡೂ ಚಾಚಿದೆ. ಇಷ್ಟು ಅಗಲವಾ! ಕಿಟಕಿಯಿಂದ ಕಿರಿದಾಗಿ ಕಾಣುತ್ತಿತ್ತು. ಕೆರೆ ಕಡೆಯಿಂದ ಮಂಜು. ಬರಿಗಾಲಿನ ಕೆಳಗೆ ಮಣ್ಣು ತಣ್ಣಗೆ, ಮೆತ್ತಗೆ. ಎಲ್ಲೂ ಚುಚ್ಚಲಿಲ್ಲ. ತಲೆಯೆತ್ತಿ ಮೇಲೆ ನೋಡಿದೆ. ಚೆಂಡಿಲ್ಲದ ಆಕಾಶ. ಮೈಸೂರಿನ ಗೋಡೆ ನೆನಪಾಯಿತು. ಗೋಡೆಯಾಚೆ ಹೀಗಿರುತ್ತದೆ.


೩ ಡಿಸೆಂಬರ್, ಗುರುವಾರ

ಸುದ್ದಿ ಆಗಿದೆ. ಮಂಡಿಯಲ್ಲಿ, ಹಾಸ್ಟೆಲಿನಲ್ಲಿ, ಲೈಬ್ರರಿಯಲ್ಲಿ. ಹೆಂಗಸರು ಗ್ರೌಂಡಿಗೆ ಇಳಿದರಂತೆ. ಹರಕೆಯ ಜಾಗ ಕೆದಕಿದರಂತೆ.

ಶ್ರೀರಂಗ ಕಾರಿಡಾರಿನಲ್ಲಿ ಎಲ್ಲರ ಎದುರಿಗೆ ನನ್ನನ್ನು ನಿಲ್ಲಿಸಿದ. ಒಗೆಯದ ಜೆರ್ಸಿಯಲ್ಲೇ ಇದ್ದ. "ಸೋತ್ರೆ ನೀವೇ ಕಾರಣ ಕಣ್ರೀ. ನೆನಪಿರ್ಲಿ."

ಗಂಗಾ ಮುಂದೆ ಬಂದಳು. "ಗೆದ್ರೆ ಯಾರ್ ಕಾರಣ ಅಂತಾನೂ ಈಗ್ಲೇ ಹೇಳ್ಬುಡಪ್ಪ. ಆಮೇಲೆ ಮರ್ತೋಯ್ತೀಯ." ಮೂಗು ಮುಚ್ಚಿಕೊಂಡು ಹೇಳಿದಳು. ಹುಡುಗರೂ ನಕ್ಕರು.

ಆದರೆ ಶ್ರೀರಂಗ ಹೇಳಿದ್ದು ಬಿಟ್ಟು ಹೋಗುತ್ತಿಲ್ಲ. ಸೋತರೆ? ಈ ಊರಿನಲ್ಲಿ ಈಗ ತಾನೇ "ನಾವು" ಅನ್ನಲು ಕಲಿತಿದ್ದೆ. ಸೋತರೆ ಅವರು "ನಾವು", ನಾನು ಮತ್ತೆ ಗೋಡೆಯ ಈಚೆ.

ಗೆಲ್ಲದಿದ್ದರೂ ಪರವಾಗಿಲ್ಲ, ಕೈ ಉಳಿಯಲಿ. ಅಂತ ಬರೆದೆ. ಸುಳ್ಳು. ಎರಡೂ ಬೇಕು.


೪ ಡಿಸೆಂಬರ್, ಶುಕ್ರವಾರ. ಸಂಜೆ

ಇವತ್ತು ಪ್ರಾಕ್ಟೀಸ್ ಕೆರೆ ಕಡೆಯ ಗೋಲಿನಲ್ಲಿ. ಶ್ರೀರಂಗ ಬೇಡ ಅಂದನಂತೆ, ರೇವಣ್ಣ ಕೇಳಲಿಲ್ಲವಂತೆ. ಮೊದಲು ಬರಿಗಾಲಿನಿಂದ ನೆಲ ಸವರಿ ನೋಡಿದ. ನಿಧಾನವಾಗಿ, ಈ ಕಂಬದಿಂದ ಆ ಕಂಬಕ್ಕೆ. ಆಮೇಲೆ ಕಿಟಕಿ ಕಡೆ ನೋಡಿದ. ನಾನು ಹಿಂದಕ್ಕೆ ಸರಿದೆ. ಬೀಕರ್ ಬಿತ್ತು, ಒಡೆಯಲಿಲ್ಲ.

ಎಡಕ್ಕೆ ಹಾರಲಿಲ್ಲ ಇನ್ನೂ. ಬಲಕ್ಕೆ ಎರಡು ಸಲ ಹಾರಿದ.


೫ ಡಿಸೆಂಬರ್, ಶನಿವ್ವಾರ. ಮಧ್ಯಾಹ್ನ ೧

ಊಟ ಸೇರಲಿಲ್ಲ. ತುಮಕೂರಿನ ಟೀಮು ಲಾರಿಯಲ್ಲಿ ಬಂದಿಳಿದಿದೆ. ಎಲ್ಲರಿಗೂ ಬೂಟು. ಶನಿವಾರ ಅಂತ ಬರೆಯಲೂ ಬಾರದಷ್ಟು ಕೈ ಬೆವರಿದೆ. ಅತ್ತೆ ತಾವೂ ಬರುತ್ತಾರಂತೆ, ಲ್ಯಾಬ್ ಕಿಟಕಿಗೆ. "ನಾನು ಆಯ್ದ ಜಾಗ, ನೋಡ್ಬಾರ್ದಾ?"


೫, ಸಂಜೆ ೬.೩೦

ಬೇಗ ಬರೆಯಬೇಕು. ಅತ್ತೆ ಒಳಗೆ ಶಾವಿಗೆ ಪಾಯಸಕ್ಕೆ ಕಾಯಿಹಾಲು ಹಿಂಡುತ್ತಿದ್ದಾರೆ.

ಮೊದಲ ಹಾಫ್ ಸೊನ್ನೆ–ಸೊನ್ನೆ. ಎರಡನೇ ಹಾಫ್ ರೇವಣ್ಣ ಕೆರೆ ಕಡೆ. ಶ್ರೀರಂಗನೇ ಒಂದು ಗೋಲ್ ಹೊಡೆದ. ಅಲ್ಲಿಂದ ಮುಂದೆ ಬರೀ ತುಮಕೂರು. ಅಲೆ ಅಲೆಯಾಗಿ. ಕೊನೆಗೆ ಗೋಲಿನ ಮುಂದೆ ಗುಂಪು, ಧೂಳು, ಚೆಂಡು ಎಲ್ಲಿದೆಯೋ ಕಾಣದು. ಆಮೇಲೆ ಕಂಡಿತು. ಎಡಕ್ಕೆ. ತೀರಾ ಎಡಕ್ಕೆ, ಕಂಬದ ಬುಡಕ್ಕೆ, ನೆಲ ಉಜ್ಜಿಕೊಂಡು ಹೋಗುತ್ತಿದೆ.

ಅತ್ತೆ ನನ್ನ ಕೈ ಹಿಡಿದರು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಬಾರದು ಅಂದುಕೊಂಡಿದ್ದೆ.

ಹಾರಿದ. ಅವತ್ತಿನ ಹಾಗೆ ಗಾಳಿಯಲ್ಲಿ ನಿಲ್ಲಲಿಲ್ಲ, ನೆಲದ ಮೇಲೇ, ಮಣ್ಣು ಉತ್ತ ಹಾಗೆ ಜಾರಿದ. ಎರಡು ಕೈ ಮುಂದೆ. ಅತ್ತೆ ಬೆರಳು ಆಡಿಸಿದ ಮಣ್ಣಿನ ಮೇಲೆ, ನಾನು ಸವರಿದ ಮಣ್ಣಿನ ಮೇಲೆ. ಚೆಂಡಿನ ಮೇಲೆ ಮಲಗಿಬಿಟ್ಟ. ಏಳಲಿಲ್ಲ. ಎಷ್ಟು ಹೊತ್ತು... ಎಲ್ಲರೂ ಸುತ್ತ ನಿಂತರು. ಎದ್ದ. ಚೆಂಡು ದೂರ ಒದ್ದ. ಆಮೇಲೆ ಯಾರಿಗೂ ಹೇಳದೆ ಕಿಟಕಿ ಕಡೆ ತಿರುಗಿ ಎರಡೂ ಅಂಗೈ ಎತ್ತಿ ಬಿಡಿಸಿ ತೋರಿಸಿದ.

ಬರೀ ಮಣ್ಣು. ಕೆಂಪು ಮಣ್ಣು ಅಷ್ಟೇ. ಮೊದಲು ರಕ್ತ ಅಂದುಕೊಂಡೆ! ಅತ್ತೆ, "ಮಣ್ಣು ಕಣೇ, ಮಣ್ಣು, ಉಸ್ರು ಬುಡು," ಅಂದರು.

ವಿಸಿಲ್ ಯಾವಾಗ ಆಯಿತೋ ನನಗೆ ಕೇಳಿಸಲಿಲ್ಲ. ಗಂಗಾ ಬೆನ್ನಿಗೆ ಗುದ್ದಿದಾಗ ಗೊತ್ತಾಯಿತು: ಒಂದು–ಸೊನ್ನೆ, ಗೆದ್ದೆವು. ಶ್ರೀರಂಗ ಕೆಳಗಿನಿಂದ ಏನೋ ಕೂಗಿದ, ನಮ್ಮನ್ನು ನೋಡಿಯೇ ಕೂಗಿದ. ಗದ್ದಲದಲ್ಲಿ ಕೇಳಿಸಲಿಲ್ಲ. ನಗುತ್ತಿದ್ದ. ಹುಚ್ಚರಂಗಯ್ಯ ಸುಣ್ಣದ ಬಕೆಟ್ ತಲೆಯ ಮೇಲಿಟ್ಟುಕೊಂಡು ಕುಣಿಯುತ್ತಿದ್ದರು.

ಮನೆಗೆ ಹೇಗೆ ಬಂದೆ, ನೆನಪಿಲ್ಲ. ಅಟ್ಟದ ಕೆಳಗೆ ಕೂತಿದ್ದೇನೆ. ಮೇಲೆ ರೇವಣ್ಣ ಹಿಡಿದಿಟ್ಟ ಕಾಯಿ. ಇನ್ನೊಂದು ವರ್ಷ ಹೀಗೇ ಇರುತ್ತವೆ. ಯಾರೂ ಅಲುಗಿಸುವುದಿಲ್ಲ. ಅಷ್ಟು ಹೊತ್ತಿಗೆ ನಾನು ಸೆಕೆಂಡ್ ಬಿ.ಎಸ್ಸಿ. ಈ ದಿನವೂ ಒಳಗೆಲ್ಲೋ...

ಠಳಾರ್.

ಕಾಲೇಜಿನ ಕಡೆಯಿಂದ. ಮತ್ತೆ, ಠಳಾರ್. ಒಂದರ ಹಿಂದೆ ಒಂದು. ಊರೆಲ್ಲ ಹೊರಟಿರಬೇಕು ಕಾಯಿ ಹಿಡಿದುಕೊಂಡು. ಅತ್ತೆಗೂ ಕೇಳಿಸಿದೆ, ಹಿಂಡುವ ಕೈ ನಿಂತಿದೆ. ಕಲ್ಲು ಎಲ್ಲಿ ಹಾಕಿದ್ದಾರೋ. ಗೇಟಿನ ಹತ್ತಿರವಾದರೆ ಸರಿ. ಅಲ್ಲದೆ ಮತ್ತೆ ಅದೇ ಗೋಲಿನ ಮುಂದೆ ಹಾಕಿದ್ದರೆ... ಅತ್ತೆ ಮೊರ ಕೇಳುತ್ತಿದ್ದಾರೆ, ಹೋಗಿ ನೋಡಿ ಬರಬೇಕು.